ಗಂಜಿನಲ್ಲಿ ಎಲ್ಲರದೂ ಒಂದೇ ದರ: ಇದಕ್ಕೆ ಕಾರ್ಟೆಲ್ ಅನ್ನಬಹುದಾ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಾನು ಆಳಂದ ತಾಲ್ಲೂಕಿನವನು. ಬಿ.ಎ. ಮುಗಿಸಿ ಅಪ್ಪನ ಜೊತೆ ಒಕ್ಕಲುತನ ನೋಡಿಕೊಳ್ಳುತ್ತಿದ್ದೇನೆ. ರಾಶಿ ಮುಗಿದ ಮೇಲೆ ತೊಗರಿ ತಗೊಂಡು ಕಲಬುರಗಿ ಗಂಜಿಗೆ, ಅಂದರೆ ಎಪಿಎಂಸಿ ಮಾರುಕಟ್ಟೆಗೆ, ಹೋಗಿದ್ದೆವು. ನಮ್ಮ ಲಾಟಿಗೆ ನಾಲ್ಕು ಜನ ಖರೀದಿದಾರರು ಟೆಂಡರ್ ಹಾಕಿದ್ದರು. ಮೂವರದು ಒಂದೇ ದರ, ಒಂದು ರೂಪಾಯಿ ಕೂಡ ಹೆಚ್ಚು ಕಡಿಮೆ ಇಲ್ಲ. ನಾಲ್ಕನೆಯವರದು ಹತ್ತು ರೂಪಾಯಿ ಕಡಿಮೆ. ಪಕ್ಕದ ಅಡತಿ (ದಲ್ಲಾಳಿ) ಅಂಗಡಿಯ ಲಾಟಿಗೂ ಅದೇ ದರ. "ಎಲ್ಲಾರೂ ಒಂದಾಗ್ಯಾರಪ್ಪಾ, ನಾವೇನ್ ಮಾಡಕ್ಕಾಗ್ತದ" ಅಂತ ಅಪ್ಪ ಪಟ್ಟಿ (ಮಾರಾಟದ ಬಿಲ್ಲು) ತಗೊಂಡು ಬಂದುಬಿಟ್ಟರು. ಊರಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಇದಕ್ಕೆ 'ಕಾರ್ಟೆಲ್' ಅಂತ ಬರೆದರು. ಕಾರ್ಟೆಲ್ ಅಂದರೆ ಡ್ರಗ್ಸ್ ಮಾರುವವರ ಗುಂಪು ಅಂತ ತಂಗಿ ಹೇಳುತ್ತಾಳೆ. ಕಾರ್ಟ್ ಅಂದರೆ ಬಂಡಿ, ಬಂಡಿಯವರ ಸಂಘದಿಂದ ಬಂದ ಮಾತು ಅಂತ ಇನ್ನೊಬ್ಬರು. ನಿಜವಾದ ಅರ್ಥ ಏನು? ನಮಗೆ ಆಗಿದ್ದು ಕಾರ್ಟೆಲ್ಲೇನಾ? ಆಗಿದ್ದರೆ ಎಲ್ಲಿ ಹೇಳಬೇಕು? ಇನ್ನೊಂದು ಮಾತು. ಬೆಂಬಲ ಬೆಲೆಗಿಂತ ಕಡಿಮೆಗೆ ಯಾರೂ ಮಾರುವುದು ಬೇಡ ಅಂತ ನಮ್ಮ ರೈತ ಉತ್ಪಾದಕ ಕಂಪನಿಯಲ್ಲಿ ಮಾತು ನಡೆದಿದೆ. ಹಾಗೆ ಮಾಡಿದರೆ ನಾವೂ ಕಾರ್ಟೆಲ್ ಆಗುತ್ತೇವಾ?

ಉತ್ತರ:

ವರ್ಷವಿಡೀ ದುಡಿದ ಬೆಳೆಗೆ ಯಾರೋ ನಾಲ್ಕು ಜನ ಮೊದಲೇ ಕೂತು ದರ ಕಟ್ಟಿಬಿಟ್ಟರಾ? ನಿಮ್ಮ ತಂದೆಯವರ ಮನಸ್ಸಿನಲ್ಲಿ ಇರುವುದು ಈ ಸಂಶಯ. ಕಲಬುರಗಿಯಲ್ಲಿ ವ್ಯಾಪಾರದ ತಕರಾರು ನೋಡುವ ವಕೀಲನಾಗಿ ಈ ಮಾತನ್ನು ತೊಗರಿ ಸೀಜನ್ ಬಂದಾಗೆಲ್ಲ ಕೇಳುತ್ತೇನೆ. ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ, ಕೇಳಿದ ಕೂಡಲೇ ಹೌದು ಅನ್ನುವಂತೆಯೂ ಇಲ್ಲ. ಮೂವರ ದರ ಒಂದೇ ಇತ್ತು ಅನ್ನುವುದರಿಂದ ಮಾತ್ರ ಕಾರ್ಟೆಲ್ ಇದೆ ಅಂತ ಆಗುವುದಿಲ್ಲ. ಆ ಮೂವರು ಒಬ್ಬರ ಮೇಲೊಬ್ಬರು ಪೈಪೋಟಿ ಮಾಡುವುದಿಲ್ಲ ಅಂತ ತಮ್ಮೊಳಗೆ ಒಪ್ಪಿಕೊಂಡಿದ್ದರೆ ಅದು ಕಾರ್ಟೆಲ್. ಇಡೀ ವಿಷಯ ನಿಂತಿರುವುದು ಆ ಒಪ್ಪಂದದ ಮೇಲೆ. ಪದದ ಚರಿತ್ರೆ ನೋಡಿದರೂ ಕೊನೆಗೆ ಅಲ್ಲಿಗೇ ಬರುತ್ತೇವೆ.

ಬಂಡಿಯ ಕತೆ ಸುಳ್ಳು. ಗಾಡಿ ಅನ್ನುವ ಅರ್ಥದ ಕಾರ್ಟ್ ಉತ್ತರ ಯುರೋಪಿನ ಹಳೆಯ ಭಾಷೆಗಳಿಂದ ಬಂದದ್ದು, ಅದಕ್ಕೂ ಕಾರ್ಟೆಲ್‌ಗೂ ನಂಟಿಲ್ಲ. ಕಾರ್ಟೆಲ್ ಹುಟ್ಟಿದ್ದು ಕಾಗದದಿಂದ. ಗ್ರೀಕರು ಪಪೈರಸ್ ಹಾಳೆಗೆ ಖಾರ್ಟೆಸ್ ಅನ್ನುತ್ತಿದ್ದರು. ಲ್ಯಾಟಿನ್ನಿನಲ್ಲಿ ಅದು ಕಾರ್ಟಾ ಆಯಿತು. ಇಟಲಿಯವರು ಅದಕ್ಕೆ 'ಚಿಕ್ಕದು' ಅನ್ನುವ ಪ್ರತ್ಯಯ ಹಚ್ಚಿ ಕಾರ್ತೆಲ್ಲೋ ಅಂದರು. ಚೀಟಿ, ಗೋಡೆಗೆ ಹಚ್ಚುವ ಬರಹ ಅಂತ ಅರ್ಥ. ಕಾರ್ಡ್, ಚಾರ್ಟ್, ಕಾರ್ಟನ್, ಕಾರ್ಟೂನ್ ಎಲ್ಲವೂ ಇದೇ ಮನೆತನದವು. ಅದೇ ಗ್ರೀಕ್ ಪದ ಇನ್ನೊಂದು ದಾರಿ ಹಿಡಿದು ಅರಬ್ಬಿಗೆ ಹೋಗಿ ಕಿರ್ತಾಸ್ ಆಯಿತು, ಅಲ್ಲಿಂದ ಉರ್ದುವಿಗೆ ಬಂತು. ನಮ್ಮ ಕಡೆ ಉರ್ದು ಶಾಲೆಯಲ್ಲಿ ಓದಿದ ಹಿರಿಯರನ್ನು ಕೇಳಿ ನೋಡಿ, ಕಿರ್ತಾಸ್ ಅಂದರೆ ಕಾಗದ ಅಂತ ಥಟ್ಟನೆ ಹೇಳುತ್ತಾರೆ.

ಫ್ರೆಂಚ್ ಮೂಲಕ 16ನೇ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗ ವ್ಯಾಪಾರದ ಸುದ್ದಿಯೇ ಇರಲಿಲ್ಲ. ಇಬ್ಬರ ನಡುವೆ ಮಾನದ ಪ್ರಶ್ನೆ ಬಂದರೆ 'ಬಾ, ಕತ್ತಿ ಹಿಡಿದು ತೀರಿಸಿಕೊಳ್ಳೋಣ' ಅಂತ ಬರೆದು ಕಳಿಸುತ್ತಿದ್ದ ಸವಾಲಿನ ಚೀಟಿಗೆ ಕಾರ್ಟೆಲ್ ಅನ್ನುತ್ತಿದ್ದರು. ಮುಂದಿನ ಶತಮಾನದ ಕೊನೆಗೆ ಅರ್ಥ ಸ್ವಲ್ಪ ಜರುಗಿತು. ಯುದ್ಧ ಮಾಡುತ್ತಿರುವ ಎರಡು ಪಕ್ಷಗಳು ಸೆರೆಯಾಳುಗಳನ್ನು ಅದಲು ಬದಲು ಮಾಡಿಕೊಳ್ಳಲು ಬರೆದುಕೊಳ್ಳುವ ಕರಾರು ಕಾರ್ಟೆಲ್ ಆಯಿತು. ಸೆರೆಯಾಳುಗಳನ್ನು ಸಾಗಿಸುವ ಹಡಗಿಗೆ ಕಾರ್ಟೆಲ್ ಹಡಗು ಅಂತಲೇ ಹೆಸರು. ಅಮೆರಿಕದ ಅಂತರ್ಯುದ್ಧದಲ್ಲಿ 1862ರ ಜುಲೈನಲ್ಲಿ ಎರಡೂ ಕಡೆಯವರು ಮಾಡಿಕೊಂಡ ಇಂಥ ಕರಾರಿಗೆ, ಸಹಿ ಹಾಕಿದ ಇಬ್ಬರು ಸೇನಾಧಿಕಾರಿಗಳ ಹೆಸರಿನಲ್ಲಿ, ಡಿಕ್ಸ್-ಹಿಲ್ ಕಾರ್ಟೆಲ್ ಅನ್ನುತ್ತಾರೆ. ಅದರಲ್ಲಿ ದರಪಟ್ಟಿಯೇ ಇತ್ತು. ಒಬ್ಬ ಲೆಫ್ಟಿನೆಂಟ್ ಬೇಕಾದರೆ 4 ಸಾಮಾನ್ಯ ಸಿಪಾಯಿಗಳನ್ನು ಬಿಡಬೇಕು. ಕ್ಯಾಪ್ಟನ್‌ಗೆ 6, ಕರ್ನಲ್‌ಗೆ 15, ಮುಖ್ಯ ಸೇನಾಪತಿಗೆ 60. ವೈರಿಗಳು ವೈರಿಗಳಾಗಿಯೇ ಇದ್ದರು. ಒಂದು ವಿಷಯದಲ್ಲಿ ಮಾತ್ರ ಕೂತು ಲೆಕ್ಕ ಮಾಡಿಕೊಂಡಿದ್ದರು.

ಇಲ್ಲಿಂದ ವ್ಯಾಪಾರಕ್ಕೆ ಪದವನ್ನು ತಂದವರು ಜರ್ಮನರು. 1873ರಲ್ಲಿ ಅಲ್ಲಿ ದೊಡ್ಡ ಆರ್ಥಿಕ ಕುಸಿತ ಆಯಿತು. ಕಲ್ಲಿದ್ದಲು, ಕಬ್ಬಿಣ, ಉಪ್ಪು, ಎಲ್ಲ ಉದ್ಯಮದವರೂ ಒಬ್ಬರಿಗಿಂತ ಒಬ್ಬರು ದರ ಇಳಿಸಿ ಮುಳುಗತೊಡಗಿದರು. ಆಗ ಅವರು ಸೇರಿ ಕೂತು, ಇಂತಿಷ್ಟೇ ಉತ್ಪಾದನೆ, ಇಂತಿಷ್ಟೇ ದರ, ಈ ಸೀಮೆ ನಿನ್ನದು, ಆ ಸೀಮೆ ನನ್ನದು ಅಂತ ಕರಾರು ಮಾಡಿಕೊಂಡರು. ಫ್ರೀಡ್ರಿಶ್ ಕ್ಲೈನ್‌ವೆಖ್ಟರ್ ಅನ್ನುವ ಅರ್ಥಶಾಸ್ತ್ರಜ್ಞ 1883ರಲ್ಲಿ ಇವುಗಳ ಬಗ್ಗೆ ಒಂದು ಪುಸ್ತಕ ಬರೆದು, ಇವು 'ಸಂಕಟದ ಮಕ್ಕಳು' ಅಂದ. ನಷ್ಟ ತಾಳಲಾರದೆ ಹುಟ್ಟಿದವು ಅಂತ ಅವನ ವಾದ. ಆಗ ಅಲ್ಲಿ ಕಾರ್ಟೆಲ್ ಅನ್ನುವುದು ಬೈಗುಳವೇ ಆಗಿರಲಿಲ್ಲ. 1897ರಲ್ಲಿ ಜರ್ಮನಿಯ ಅತ್ಯುನ್ನತ ನ್ಯಾಯಾಲಯ, ಮರದ ತಿರುಳು ಮಾಡುವವರ ಇಂಥ ಒಂದು ಒಪ್ಪಂದ ಸಿಂಧು ಅಂತ ತೀರ್ಪು ಕೊಟ್ಟಿತು. ಸದಸ್ಯನೊಬ್ಬ ಕರಾರು ಮುರಿದರೆ ಉಳಿದವರು ಅವನ ಮೇಲೆ ದಾವೆ ಹಾಕಬಹುದಿತ್ತು. ಅಮೆರಿಕದಲ್ಲಿ ಅಷ್ಟರಲ್ಲಿ, 1890ರಲ್ಲೇ, ಶರ್ಮನ್ ಕಾಯ್ದೆ ಬಂದು ಇಂಥ ಕೂಟಗಳು ಅಪರಾಧ ಆಗಿದ್ದವು. ಜರ್ಮನಿಯಲ್ಲಿ ಅಂಥ ಕಟ್ಟುನಿಟ್ಟಿನ ಕಾನೂನು ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, 1957ರಲ್ಲಿ.

ಸಂಕಟದ ಮಕ್ಕಳು ಅನ್ನುವ ಮಾತು ಈಗಲೂ ಕೇಳಿಬರುತ್ತದೆ. 'ನಮಗೂ ಲಾಸ್ ಆಗ್ತದ್ರಿ, ಅದಕ್ಕ ಮಾತಾಡ್ಕೊಂಡ್ವಿ' ಅನ್ನುವ ವ್ಯಾಪಾರಿಯದೂ ಅದೇ ವಾದ. ನನಗೆ ಅದು ಒಪ್ಪಿಗೆಯಿಲ್ಲ. ನಷ್ಟ ನಿಜವೇ ಇರಬಹುದು. ಆದರೆ ಆ ನಷ್ಟವನ್ನು ತುಂಬಿಕೊಡುವವನು ಆ ಮಾತುಕತೆಯಲ್ಲಿ ಕೂತಿರುವುದಿಲ್ಲ.

ಬೆಲೆ ಅಷ್ಟೇ ಅಲ್ಲ, ಮಾಲಿನ ಗುಣಮಟ್ಟವನ್ನೂ ಕಾರ್ಟೆಲ್ ಕಟ್ಟಿಹಾಕಬಲ್ಲದು. 1924ರ ಕೊನೆಗೆ ಜಿನೀವಾದಲ್ಲಿ ದೊಡ್ಡ ದೊಡ್ಡ ಬಲ್ಬ್ ಕಂಪನಿಗಳು ಸೇರಿ ಫೀಬಸ್ ಅನ್ನುವ ಕೂಟ ಮಾಡಿಕೊಂಡವು. ಮನೆಬಳಕೆಯ ಬಲ್ಬ್ 1,000 ಗಂಟೆ ಉರಿದರೆ ಸಾಕು ಅಂತ ಅವು ತೀರ್ಮಾನಿಸಿದವು. ಅದಕ್ಕೂ ಜಾಸ್ತಿ ಉರಿಯುವ ಬಲ್ಬ್ ಮಾಡಿದ ಸದಸ್ಯ ಕಂಪನಿಗೆ ದಂಡ! ಯಾರ ಬಲ್ಬ್ ಎಷ್ಟು ಹೊತ್ತು ಉರಿಯುತ್ತದೆ ಅಂತ ಪರೀಕ್ಷೆ ಮಾಡಲು ಪ್ರಯೋಗಾಲಯ ಬೇರೆ. ಸದಸ್ಯರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರುವುದಿಲ್ಲ ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಎಲ್ಲರೂ ಮಾತಿನಂತೆ ನಡೆದಾಗ ಒಬ್ಬನೇ ಮಾತು ತಪ್ಪಿದರೆ ಲಾಭವೆಲ್ಲ ಅವನಿಗೆ. ಅದಕ್ಕೇ ಪ್ರತಿ ಕಾರ್ಟೆಲ್‌ಗೂ ಒಬ್ಬ ಕಾವಲುಗಾರ ಬೇಕು, ಒಂದು ಶಿಕ್ಷೆ ಬೇಕು. ಗಂಜಿನ ಮಾತಿಗೆ ಬಂದಾಗ ಇದು ಕೆಲಸಕ್ಕೆ ಬರುತ್ತದೆ.

ನಿಮ್ಮ ತಂಗಿ ಹೇಳಿದ್ದು ಪೂರ್ತಿ ತಪ್ಪಲ್ಲ. ಕೊಲಂಬಿಯಾದ ಮೆಡೆಲಿನ್, ಕಾಲಿ ನಗರಗಳ ಕೊಕೇನ್ ಗುಂಪುಗಳಿಂದಾಗಿ 1980ರ ದಶಕದಲ್ಲಿ ಡ್ರಗ್ ಕಾರ್ಟೆಲ್ ಅನ್ನುವ ಮಾತು ಪತ್ರಿಕೆಗಳಲ್ಲಿ ನೆಲೆಯೂರಿತು. ಆಮೇಲೆ ಮೆಕ್ಸಿಕೋದ ಗುಂಪುಗಳಿಗೂ ಅಂಟಿತು. ಆದರೆ ಆ ಗುಂಪುಗಳಲ್ಲಿ ಹೆಚ್ಚಿನವು ಒಂದರ ಜೊತೆ ಒಂದು ಗುಂಡಿನ ಕಾಳಗ ನಡೆಸುತ್ತವೆ. ಕೂತು ದರ ಗೊತ್ತುಮಾಡುವುದು ಕಡಿಮೆ. ಅರ್ಥಶಾಸ್ತ್ರದ ಲೆಕ್ಕದಲ್ಲಿ ಅವುಗಳಿಗಿಂತ ತೈಲ ರಾಷ್ಟ್ರಗಳ ಒಪೆಕ್ ಕೂಟವೇ ಕಾರ್ಟೆಲ್ ಅನ್ನುವ ಮಾತಿಗೆ ಹತ್ತಿರ. 1960ರ ಸೆಪ್ಟೆಂಬರಿನಲ್ಲಿ ಬಾಗ್ದಾದಿನಲ್ಲಿ ಇರಾನ್, ಇರಾಕ್, ಕುವೈತ್, ಸೌದಿ ಅರೇಬಿಯಾ, ವೆನೆಜುವೆಲಾ ಸೇರಿ ಕಟ್ಟಿದ್ದು ಅದು. ಸರ್ಕಾರಗಳೇ ಬಹಿರಂಗವಾಗಿ ಮಾಡಿಕೊಂಡ ಒಪ್ಪಂದ ಆದ್ದರಿಂದ ಯಾವ ಕೋರ್ಟೂ ಅದನ್ನು ಎಳೆದು ತರುವಂತಿಲ್ಲ.

ನಮ್ಮ ದೇಶದಲ್ಲಿ ಕಾರ್ಟೆಲ್ ಪದಕ್ಕೆ ಕಾನೂನಿನಲ್ಲೇ ಅರ್ಥ ಕೊಟ್ಟಿದ್ದಾರೆ. 2002ರ ಸ್ಪರ್ಧಾ ಕಾಯ್ದೆ ಹೇಳುವುದನ್ನು ಸರಳವಾಗಿ ಬರೆದರೆ ಹೀಗೆ: ಉತ್ಪಾದಕರು, ಮಾರುವವರು, ವಿತರಕರು, ವ್ಯಾಪಾರಿಗಳು ಅಥವಾ ಸೇವೆ ಕೊಡುವವರು ತಮ್ಮೊಳಗಿನ ಒಪ್ಪಂದದಿಂದ ಉತ್ಪಾದನೆ, ಹಂಚಿಕೆ, ಮಾರಾಟ ಅಥವಾ ಬೆಲೆಯನ್ನು ಹಿಡಿತದಲ್ಲಿ ಇಟ್ಟುಕೊಂಡರೆ, ಅಥವಾ ಇಟ್ಟುಕೊಳ್ಳಲು ಪ್ರಯತ್ನಪಟ್ಟರೂ, ಅದು ಕಾರ್ಟೆಲ್. ಒಪ್ಪಂದ ಬರಹದಲ್ಲಿ ಇರಬೇಕಾಗಿಲ್ಲ. ಬಾಯಿಮಾತಿನ ತಿಳಿವಳಿಕೆ ಸಾಕು, ಕೂಡಿ ನಡೆದುಕೊಂಡರೂ ಸಾಕು. 'ಸಹಿ ಎಲ್ಲಿದೆ ತೋರಿಸಿ' ಅಂತ ಕೇಳಿ ತಪ್ಪಿಸಿಕೊಳ್ಳುವಂತಿಲ್ಲ. ಒಂದು ಕಾಲಕ್ಕೆ ಕಾರ್ಟೆಲ್ ಅಂದರೆ ಬರೆದ ಚೀಟಿಯೇ ಆಗಿತ್ತು, ಈಗಿನ ಕಾರ್ಟೆಲ್ ಚೀಟಿ ಉಳಿಸುವುದೇ ಇಲ್ಲ.

ಇದರ ಜೊತೆ ಗೊಂದಲ ಮಾಡಿಕೊಳ್ಳುವ ಇನ್ನೆರಡು ವಿಷಯ ಇವೆ. ಒಬ್ಬನೇ ವ್ಯಾಪಾರಿ ಇಡೀ ಮಾರುಕಟ್ಟೆ ಹಿಡಿದಿದ್ದರೆ ಅದು ಏಕಸ್ವಾಮ್ಯ, ಕಾರ್ಟೆಲ್ ಅಲ್ಲ. ಮಾಲು ಮುಚ್ಚಿಟ್ಟು ಬೆಲೆ ಏರಿಸಿದರೆ ಅದು ಅಕ್ರಮ ದಾಸ್ತಾನು. ಅದಕ್ಕೆ 1955ರ ಅಗತ್ಯ ವಸ್ತುಗಳ ಕಾಯ್ದೆ ಬೇರೆ ಇದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎಲ್ಲರ ದರ ಒಂದೇ ಇದ್ದರೆ ಅದು ಸಾಕ್ಷಿ ಆಗುತ್ತದಾ? ನಮ್ಮ ಸುಪ್ರೀಂ ಕೋರ್ಟ್ ಒಂದೂವರೆ ವರ್ಷದ ಅಂತರದಲ್ಲಿ ಕೊಟ್ಟ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟ ಆಗುತ್ತದೆ.

ಮೊದಲನೆಯದು 2017ರ ಮೇ ತಿಂಗಳಿನದು. ಗೋದಾಮಿನಲ್ಲಿ ಧಾನ್ಯಕ್ಕೆ ಹುಳ ಬೀಳಬಾರದು ಅಂತ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ನಿಮಗೆ ಗೊತ್ತಿರುತ್ತದೆ. ಭಾರತೀಯ ಆಹಾರ ನಿಗಮ 2009ರಲ್ಲಿ ಅದಕ್ಕೆ ಟೆಂಡರ್ ಕರೆದಾಗ ಮೂರು ಕಂಪನಿಗಳು ಕಿಲೋಗೆ 388 ರೂಪಾಯಿ ಅಂತ ಒಂದೇ ದರ ಹಾಕಿದವು. ಅವುಗಳ ಕಾರ್ಖಾನೆಗಳು ಬೇರೆ ಬೇರೆ ಊರಿನಲ್ಲಿ, ಖರ್ಚು ಬೇರೆ ಬೇರೆ. ಹಿಂದಿನ ಟೆಂಡರುಗಳಲ್ಲೂ ಹೀಗೇ ದರ ಹೊಂದಿಕೊಂಡಿತ್ತು. ಇದು ಕಾಕತಾಳೀಯ ಅಲ್ಲ, ಕೂಡಿಕೊಂಡು ಮಾಡಿದ್ದೇ ಅನ್ನುವ ಸ್ಪರ್ಧಾ ಆಯೋಗದ (ಈ ಕಾಯ್ದೆ ಜಾರಿ ಮಾಡುವ ಸಂಸ್ಥೆಯ) ತೀರ್ಮಾನವನ್ನು ಕೋರ್ಟ್ ಎತ್ತಿಹಿಡಿಯಿತು.

ಎರಡನೆಯದು 2018ರ ಅಕ್ಟೋಬರಿನದು. ಅಡುಗೆ ಅನಿಲದ ಸಿಲಿಂಡರ್ ತಯಾರಿಸುವವರ ಪ್ರಕರಣ. ಅಲ್ಲೂ ದರ ಒಂದೇ ಅಥವಾ ಬಹಳ ಹತ್ತಿರ ಹತ್ತಿರ ಇತ್ತು. ಟೆಂಡರಿಗೆ ಮುಂಚೆ ಅವರಲ್ಲಿ ಹಲವರು ಮುಂಬೈಯ ಒಂದು ಹೋಟೆಲಿನಲ್ಲಿ ಸೇರಿದ್ದೂ ಉಂಟು. ಆದರೂ ಆಯೋಗ ಅವರ ಮೇಲೆ ಹಾಕಿದ್ದ ದಂಡವನ್ನು ಕೋರ್ಟ್ ರದ್ದು ಮಾಡಿತು. ಕಾರಣ ಏನು ಅಂದರೆ ಇಡೀ ದೇಶದಲ್ಲಿ ಆ ಸಿಲಿಂಡರ್ ಕೊಳ್ಳುವವರು ಮೂರೇ ತೈಲ ಕಂಪನಿ. ದರ ಎಷ್ಟಿರಬೇಕು ಅನ್ನುವುದು ಹೆಚ್ಚುಕಡಿಮೆ ಕೊಳ್ಳುವವರ ಕೈಯಲ್ಲೇ ಇತ್ತು. ಕಚ್ಚಾ ಮಾಲಿನ ದರವೂ ಎಲ್ಲರಿಗೂ ಒಂದೇ. ಅಂಥ ಮಾರುಕಟ್ಟೆಯಲ್ಲಿ ಮಾತಾಡಿಕೊಳ್ಳದೆಯೂ ದರ ಒಂದಾಗಬಹುದು ಅಂತ ಕೋರ್ಟ್ ಹೇಳಿತು.

ಎರಡೂ ಕಡೆ ಅಂಕಿ ಒಂದೇ ಥರ, ತೀರ್ಪು ಬೇರೆ. ಹಾಗಾಗಿ ನಿಮ್ಮ ಲಾಟಿನ ದರ ನೋಡುವಾಗ, ಇದು ಗುಳಿಗೆಯ ಹಾಗೋ ಸಿಲಿಂಡರಿನ ಹಾಗೋ ಅಂತ ಕೇಳಿಕೊಳ್ಳಬೇಕು.

ತೊಗರಿ ದರ ಮಾತುಕತೆ ಇಲ್ಲದೆಯೇ ಒಂದಾಗಲು ಗಂಜಿನಲ್ಲಿ ಕಾರಣಗಳಿವೆ. ಖರೀದಿದಾರರ ಕೈಯಲ್ಲಿ ಬೆಳಿಗ್ಗೆಯೇ ಮೊಬೈಲ್ ಇರುತ್ತದೆ. ಲಾತೂರಿನ ದರ, ಅಕೋಲಾದ ದರ, ಮುಂಬೈ ಬಂದರಿನಲ್ಲಿ ಮ್ಯಾನ್ಮಾರಿನಿಂದ ಬಂದ 'ಲೆಮನ್' ಅನ್ನುವ ಜಾತಿಯ ತೊಗರಿಯ ದರ, ಎಲ್ಲರಿಗೂ ಒಂದೇ ಹೊತ್ತಿಗೆ ಸಿಗುತ್ತದೆ. ಒಂದು ಕ್ವಿಂಟಲ್ ತೊಗರಿಗೆ ಎಷ್ಟು ಬೇಳೆ ಬೀಳುತ್ತದೆ, ದಾಲ್ ಮಿಲ್ಲಿನ ಖರ್ಚು ಎಷ್ಟು, ಲಾರಿ ಬಾಡಿಗೆ ಎಷ್ಟು ಅನ್ನುವ ಲೆಕ್ಕ ಎಲ್ಲರದೂ ಹೆಚ್ಚುಕಡಿಮೆ ಒಂದೇ. ತೇವಾಂಶ ನೋಡುತ್ತಾರೆ, ಕೈಯಲ್ಲಿ ಹಿಡಿದು ಕಾಳು ನೋಡುತ್ತಾರೆ, ಒಂದೇ ಅಂಕಿಗೆ ಬರುತ್ತಾರೆ. ಮೇಲಾಗಿ 2021ರ ಮೇ ತಿಂಗಳಿನಿಂದ ಸರ್ಕಾರ ತೊಗರಿ ಆಮದನ್ನು ಮುಕ್ತ ಮಾಡಿತು. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾದ ಮಾಲು ಬಂದರಿಗೆ ಬಂದಾಗ ಇಲ್ಲಿಯ ದರ ಇಳಿಯುತ್ತದೆ. ಅದಕ್ಕೆ ಗಂಜಿನ ನಾಲ್ಕು ಜನ ಕಾರಣ ಅಲ್ಲ. ದರ ಬಿದ್ದದ್ದು ಒಂದು ವಿಷಯ, ದರ ಕಟ್ಟಿದ್ದು ಇನ್ನೊಂದು. ಸಿಟ್ಟಿನಲ್ಲಿ ಎರಡೂ ಒಂದೇ ಅನಿಸುತ್ತವೆ.

ಹಾಗಂತ ಕಾರ್ಟೆಲ್ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಾರ್ಟೆಲ್ ಬೆಳೆಯಲು ಬೇಕಾದ ಮಣ್ಣು ಗಂಜಿನಲ್ಲಿದೆ. ದೊಡ್ಡ ಖರೀದಿದಾರರು ಬೆರಳೆಣಿಕೆಯಷ್ಟು. ದಿನಾ ಅದೇ ಮುಖಗಳು. ಮಾಲು ಒಂದೇ ಥರದ್ದು. ಯಾರು ಮಾತು ತಪ್ಪಿ ಜಾಸ್ತಿ ದರ ಹಾಕಿದರು ಅಂತ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಉಳಿದವರು ಅವರ ಜೊತೆ ವ್ಯಾಪಾರ ಕೈಬಿಟ್ಟು ಅವರನ್ನು ದಂಡಿಸುವುದೂ ಸುಲಭ. ಹಿಂದೆ ಮಾರುಕಟ್ಟೆಗಳಲ್ಲಿ ಟವೆಲ್ ಕೆಳಗೆ ಕೈ ಇಟ್ಟು ಬೆರಳು ಒತ್ತಿ ದರ ಹೇಳುವ ಪದ್ಧತಿ ಇತ್ತಲ್ಲ, ರೈತನ ಎದುರೇ ಕೂತು ರೈತನಿಗೆ ತಿಳಿಯದಂತೆ ದರ ಮುಗಿದುಹೋಗುತ್ತಿತ್ತು. ಇಂಥವನ್ನು ತಪ್ಪಿಸಲೆಂದೇ ಮೊದಲು ಬಹಿರಂಗ ಸವಾಲು (ಹರಾಜು) ಬಂತು. ನಮ್ಮ ರಾಜ್ಯದಲ್ಲಿ ಆಮೇಲೆ ಇ-ಟೆಂಡರ್ ಬಂತು. ಇ-ಟೆಂಡರಿನಲ್ಲಿ ವೇಳೆ ಮುಗಿಯುವ ತನಕ ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಕಂಪ್ಯೂಟರ್ ಮುಚ್ಚಿಡುವುದು ಹಾಕಿದ ದರವನ್ನು. ಚಹಾದಂಗಡಿಯಲ್ಲಿ ಮೊದಲೇ ಆದ ಮಾತನ್ನು ಅದು ತಡೆಯಲಾರದು.

ಹಾಗಾದರೆ ಗಮನಿಸಬೇಕಾದ್ದು ಯಾವುದು? ಒಂದು ದಿನದ ಒಂದು ಲಾಟಿನಿಂದ ಏನೂ ತಿಳಿಯುವುದಿಲ್ಲ. ಎರಡು ಮೂರು ವಾರದ ಪಟ್ಟಿ ಕೂಡಿಸಿ. ನಿಮ್ಮದು ಮಾತ್ರ ಅಲ್ಲ, ಊರಿನ ಹತ್ತು ಜನರದು. ಗೆಲ್ಲುವ ಹೆಸರು ಸರದಿಯಂತೆ ತಿರುಗುತ್ತಿದೆಯಾ? ಇಂದು ಇವರು, ನಾಳೆ ಅವರು, ಉಳಿದವರು ಹೆಸರಿಗೆ ಮಾತ್ರ ಹತ್ತು ರೂಪಾಯಿ ಕಡಿಮೆ ಹಾಕಿ ಸುಮ್ಮನಾಗುತ್ತಿದ್ದಾರಾ? ಒಳ್ಳೆ ಕಾಳಿಗೂ ಮುಕ್ಕು ಕಾಳಿಗೂ ಒಂದೇ ದರ ಬಿದ್ದಿದೆಯಾ? ಲಾತೂರಿನಲ್ಲಿ ದರ ಏರಿದ ದಿನ ಇಲ್ಲಿ ಏರದೆ, ಇಳಿದ ದಿನ ಮಾತ್ರ ತಕ್ಷಣ ಇಳಿಯುತ್ತಿದೆಯಾ? ಹೊರಗಿನ ಖರೀದಿದಾರ ಒಬ್ಬ ಬಂದು ಜಾಸ್ತಿ ದರ ಹಾಕಿದ ಮೇಲೆ ಅವನಿಗೆ ಹಮಾಲರು ಸಿಗದ ಹಾಗೆ, ಗೋದಾಮು ಸಿಗದ ಹಾಗೆ ಮಾಡಿದರಾ? ಎಲ್ಲರೂ ಒಂದೇ ದಿನ ಖರೀದಿ ನಿಲ್ಲಿಸಿ ದರ ಬಿದ್ದ ಮೇಲೆ ಒಂದೇ ದಿನ ಶುರು ಮಾಡಿದರಾ? ಈ ಕೊನೆಯ ಎರಡು ನನ್ನ ಅನುಭವದಲ್ಲಿ ಬಹಳ ತೂಕದ ಸುಳಿವು. ದರ ತಾನಾಗಿ ಒಂದಾಗಬಹುದು. ಹೊಸಬನನ್ನು ಓಡಿಸುವುದು ತಾನಾಗಿ ಆಗುವುದಿಲ್ಲ.

ನಿಮ್ಮ ಮುಂದೆ ಈಗ ಇರುವ ದಾರಿಗಳಲ್ಲಿ ಹತ್ತಿರದ್ದು ದರ ಒಪ್ಪದಿರುವುದು. ಇ-ಟೆಂಡರಿನಲ್ಲಿ ಬಂದ ದರ ಬೇಡ ಅನ್ನುವ ಹಕ್ಕು ರೈತನಿಗೆ ಇದೆ. ತುಂಬ ಜನರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಿದ್ದವರೂ ಅಡತಿಯವರ ಮುಲಾಜಿಗೆ ಬಿದ್ದು ಸುಮ್ಮನಿರುತ್ತಾರೆ. ಬೀಜ ಗೊಬ್ಬರಕ್ಕೆ ಅದೇ ಅಂಗಡಿಯಲ್ಲಿ ಮುಂಗಡ ತಗೊಂಡಿದ್ದರೆ ಬೇಡ ಅನ್ನುವುದು ಕಷ್ಟವೇ. ನಿಜ ಹೇಳಬೇಕಂದರೆ ನಮ್ಮ ಕಡೆ ರೈತನ ಕೈ ಕಟ್ಟುವುದು ಕಾರ್ಟೆಲ್‌ಗಿಂತ ಜಾಸ್ತಿ ಈ ಮುಂಗಡ. ಅದಕ್ಕೆ ಬ್ಯಾಂಕಿನ ಅಥವಾ ಸಹಕಾರ ಸಂಘದ ಬೆಳೆ ಸಾಲ ಎಷ್ಟು ಸಿಗುತ್ತದೋ ಅಷ್ಟನ್ನೂ ಮೊದಲು ಬಳಸಿಕೊಳ್ಳಿ.

ಮಾಲು ಇಟ್ಟು ಕಾಯುವುದು ಇನ್ನೊಂದು ದಾರಿ. ನೋಂದಾಯಿತ ಉಗ್ರಾಣದಲ್ಲಿ ಇಟ್ಟರೆ ಎಲೆಕ್ಟ್ರಾನಿಕ್ ರಸೀದಿ ಕೊಡುತ್ತಾರೆ, ಅದನ್ನು ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಪಡೆಯಬಹುದು. ಇದರಲ್ಲಿ ಅಪಾಯವೂ ಇದೆ. ಬಾಡಿಗೆ ಮತ್ತು ಬಡ್ಡಿ ಏರುತ್ತಾ ಹೋಗುತ್ತವೆ. ಕಾಯುತ್ತಿರುವಾಗಲೇ ಆಮದು ಮಾಲು ಬಂದು ದರ ಇನ್ನೂ ಇಳಿಯಬಹುದು. ಎಲ್ಲವನ್ನೂ ಇಡುವ ಬದಲು ಸಾಲ ತೀರುವಷ್ಟು ಮಾರಿ ಉಳಿದದ್ದನ್ನು ಇಡುವುದು ಮೇಲು ಅಂತ ನನ್ನ ಸಲಹೆ. ಮನೆಯಲ್ಲಿ ಇಡುವುದಾದರೆ ಕಾಳನ್ನು ಚೆನ್ನಾಗಿ ಒಣಗಿಸಿ ಇಡಿ. ಮೇಲೆ ಹೇಳಿದ ಆ ಗುಳಿಗೆಯನ್ನು ಮಾತ್ರ ಮಂದಿ ಮಲಗುವ ಮನೆಯೊಳಗೆ ತರಬೇಡಿ. ಅದರ ಅನಿಲ ಜೀವ ತೆಗೆಯುತ್ತದೆ.

ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆದಿದ್ದರೆ ಅಲ್ಲಿಗೆ ಹೋಗಿ. ತೊಗರಿಗೆ 2024-25ಕ್ಕೆ ಕ್ವಿಂಟಲಿಗೆ 7,550 ರೂಪಾಯಿ ಇತ್ತು, 2025-26ಕ್ಕೆ 8,000 ಮಾಡಿದರು. ಫ್ರೂಟ್ಸ್ ಐಡಿಯಲ್ಲಿ (ರಾಜ್ಯ ಸರ್ಕಾರದ ರೈತ ನೋಂದಣಿಯಲ್ಲಿ) ನಿಮ್ಮ ಸರ್ವೆ ನಂಬರು, ಬೆಳೆಯ ವಿವರ ಸರಿಯಾಗಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನೋಂದಣಿ ತಡ ಆದರೆ, ತೇವಾಂಶ ಜಾಸ್ತಿ ಬಂದರೆ ಅಲ್ಲಿಂದಲೂ ಮರಳಬೇಕಾಗುತ್ತದೆ. ದುಡ್ಡು ಖಾತೆಗೆ ಬರಲು ಸಮಯ ಹಿಡಿಯಬಹುದು ಅನ್ನುವುದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ದೂರು ಕೊಡುವುದಾದರೆ ಮೊದಲ ಮೆಟ್ಟಿಲು ಎಪಿಎಂಸಿ ಕಾರ್ಯದರ್ಶಿ. ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ, ಲಾಟ್ ನಂಬರು ಮತ್ತು ದಿನಾಂಕ ಹಾಕಿ. ಬಿಳಿ ಚೀಟಿಯಲ್ಲಿ ವ್ಯವಹಾರ ಮಾಡಿದ್ದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ, ಅದಕ್ಕೆ ಪ್ರತಿ ಸಲ ಪಕ್ಕಾ ಪಟ್ಟಿಯನ್ನೇ ಕೇಳಿ. ಯಾವ ಲಾಟಿಗೆ ಯಾರು ಎಷ್ಟು ಹಾಕಿದರು ಅನ್ನುವ ದಾಖಲೆ ಇ-ಟೆಂಡರ್ ವ್ಯವಸ್ಥೆಯಲ್ಲಿ ಇರುತ್ತದೆ. ಅದನ್ನು ತೆಗೆದು ನೋಡಿ ಅಂತ ಅರ್ಜಿಯಲ್ಲೇ ಬರೆಯಿರಿ.

ಅದರ ಮೇಲಿನದು ದೆಹಲಿಯಲ್ಲಿರುವ ಭಾರತೀಯ ಸ್ಪರ್ಧಾ ಆಯೋಗ. ಯಾವ ನಾಗರಿಕನಾದರೂ ಶುಲ್ಕ ಕಟ್ಟಿ ಅಲ್ಲಿಗೆ ಮಾಹಿತಿ ಸಲ್ಲಿಸಬಹುದು. ಹೆಸರು ಗುಟ್ಟಾಗಿ ಇಡಿ ಅಂತ ಕೋರಿಕೊಳ್ಳಬಹುದು. ಘಟನೆ ನಡೆದ ಮೂರು ವರ್ಷದ ಒಳಗೆ ಹೋಗಬೇಕು ಅಂತ 2023ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಮೇಲ್ನೋಟಕ್ಕೆ ಹುರುಳಿದೆ ಅನಿಸಿದರೆ ಆಯೋಗ ತನಿಖೆಗೆ ಒಪ್ಪಿಸುತ್ತದೆ. ಸಾಬೀತಾದರೆ ದಂಡ ಸಣ್ಣದಲ್ಲ. ಕೂಟ ನಡೆದ ಪ್ರತಿ ವರ್ಷಕ್ಕೆ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇ 10, ಯಾವುದು ಜಾಸ್ತಿಯೋ ಅಷ್ಟರ ತನಕ ಹಾಕಬಹುದು. ಕೂಟದ ಒಳಗಿನವನೇ ಮೊದಲು ಬಂದು ಬಾಯಿಬಿಟ್ಟರೆ ಅವನಿಗೆ ಪೂರ್ತಿ ಮಾಫಿ ಆಗುವ ಅವಕಾಶವೂ ಇದೆ. ಬಿಯರ್ ಕಂಪನಿಗಳ ಪ್ರಕರಣ ಹೊರಬಂದದ್ದು ಹಾಗೆಯೇ. ಒಂದು ಕಂಪನಿ ಒಳಗಿನ ಮಾಹಿತಿ ಕೊಟ್ಟಿತು, 2021ರ ಸೆಪ್ಟೆಂಬರಿನಲ್ಲಿ ಉಳಿದವರಿಗೆ ಸುಮಾರು 873 ಕೋಟಿ ದಂಡ ಬಿತ್ತು. ಒಬ್ಬರಿಗೊಬ್ಬರು ಕಳಿಸಿದ ಇಮೇಲ್, ವಾಟ್ಸಾಪ್ ಸಂದೇಶಗಳೇ ಅಲ್ಲಿ ಸಾಕ್ಷಿ.

ಆದರೆ ಎಷ್ಟು ಕಾಲ ಹಿಡಿಯುತ್ತದೆ ಅನ್ನುವುದೂ ನಿಮಗೆ ಗೊತ್ತಿರಲಿ. ಸಿಮೆಂಟ್ ಪ್ರಕರಣ ನಮಗೆ ಹತ್ತಿರದ್ದು, ವಾಡಿ, ಮಳಖೇಡ, ಸೇಡಂ ಕಡೆ ಸಿಮೆಂಟ್ ಧೂಳು ನೋಡುತ್ತಲೇ ಬೆಳೆದವರು ನಾವು. ಬೆಲೆ ಮತ್ತು ಉತ್ಪಾದನೆ ಹೊಂದಿಸಿಕೊಂಡ ಆರೋಪದ ಮೇಲೆ ದೇಶದ 11 ಸಿಮೆಂಟ್ ಕಂಪನಿಗಳಿಗೆ ಆಯೋಗ 2012ರಲ್ಲಿ ಸುಮಾರು 6,300 ಕೋಟಿ ದಂಡ ಹಾಕಿತು. ವಿಚಾರಣೆಯ ಕ್ರಮದಲ್ಲಿ ತಪ್ಪಾಗಿದೆ ಅಂತ 2015ರಲ್ಲಿ ಮೇಲ್ಮನವಿ ಮಂಡಳಿ ಆ ಆದೇಶ ರದ್ದು ಮಾಡಿತು. ಆಯೋಗ 2016ರಲ್ಲಿ ಮತ್ತೆ ದಂಡ ಹಾಕಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಒಬ್ಬ ರೈತ ತನ್ನ ಒಂದು ಲಾಟಿಗಾಗಿ ಈ ದಾರಿ ಹಿಡಿಯಬೇಕು ಅಂತ ನಾನು ಹೇಳಲಾರೆ. ರೈತ ಸಂಘಟನೆಯೋ ಉತ್ಪಾದಕ ಕಂಪನಿಯೋ ಒಂದು ಸೀಜನ್ನಿನ ಪೂರ್ತಿ ದಾಖಲೆ ಇಟ್ಟುಕೊಂಡು ಹೋದರೆ ಮಾತು ಬೇರೆ.

ಇನ್ನೊಂದು ಎಚ್ಚರಿಕೆ. ವಾಟ್ಸಾಪ್ ಗುಂಪಿನಲ್ಲಿ ವ್ಯಾಪಾರಿಯ ಹೆಸರು ಹಿಡಿದು 'ಕಾರ್ಟೆಲ್ ಮಾಡ್ಯಾನ' ಅಂತ ಬರೆಯಬೇಡಿ. ಸಾಬೀತು ಮಾಡಲಾಗದಿದ್ದರೆ ಮಾನನಷ್ಟದ ಕೇಸು ನಿಮ್ಮ ಮೇಲೆಯೇ ಬರುತ್ತದೆ. ದರ, ದಿನಾಂಕ, ಲಾಟ್ ನಂಬರು ಹಂಚಿಕೊಳ್ಳಿ, ಅದರಲ್ಲಿ ತಪ್ಪೇನೂ ಇಲ್ಲ.

ಕೊನೆಗೆ ನಿಮ್ಮ ಉತ್ಪಾದಕ ಕಂಪನಿಯ ಪ್ರಶ್ನೆ. ಇದನ್ನು ಕೇಳಿದ್ದಕ್ಕೆ ನನಗೆ ನಿಜವಾಗಿ ಖುಷಿಯಾಯಿತು, ಯಾಕಂದರೆ ಹೆಚ್ಚಿನವರು ಕೇಳುವುದಿಲ್ಲ. ಅಮೆರಿಕದಲ್ಲಿ 1922ರ ಒಂದು ಕಾಯ್ದೆ ರೈತರ ಸಹಕಾರ ಮಾರಾಟಕ್ಕೆ ಇಂಥ ಕಾನೂನುಗಳಿಂದ ರಕ್ಷಣೆ ಕೊಟ್ಟಿದೆ. ನಮ್ಮ ಸ್ಪರ್ಧಾ ಕಾಯ್ದೆಯಲ್ಲಿ ರೈತರಿಗೆ ಅಂಥ ನೇರ ವಿನಾಯಿತಿ ಇಲ್ಲ. ಸಾರ್ವಜನಿಕ ಹಿತಕ್ಕಾಗಿ ಯಾವುದಾದರೂ ವರ್ಗಕ್ಕೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರದ ಕೈಯಲ್ಲಿ ಇಟ್ಟಿದೆ, ಅಷ್ಟೇ. ಕಾರ್ಟೆಲ್‌ನ ವ್ಯಾಖ್ಯೆಯಲ್ಲಿ 'ಉತ್ಪಾದಕರ ಕೂಟ' ಅನ್ನುವ ಮಾತೂ ಇದೆ. ಇದು ಸರಿಯಲ್ಲ, ಸಣ್ಣ ರೈತರಿಗೆ ನಮ್ಮ ಕಾನೂನಿನಲ್ಲೂ ಸ್ಪಷ್ಟ ರಕ್ಷಣೆ ಬರಬೇಕು ಅಂತ ನನ್ನ ಅಭಿಪ್ರಾಯ. ದೊಡ್ಡ ಕೊಳ್ಳುವವರ ಎದುರು ಎರಡು ಎಕರೆಯವನನ್ನು ಒಂಟಿಯಾಗಿ ನಿಲ್ಲಿಸಿ ಇಬ್ಬರೂ ಸಮ ಅನ್ನುವುದು ನ್ಯಾಯ ಆಗಲಾರದು.

ಆದರೂ ನೀವು ಗಾಬರಿಪಡುವ ಕಾರಣವಿಲ್ಲ. ಸದಸ್ಯರ ತೊಗರಿಯನ್ನು ಕಂಪನಿ ತಾನೇ ಕೊಂಡು, ಒಟ್ಟು ಮಾಡಿ, ಸ್ವಚ್ಛ ಮಾಡಿ, ಗ್ರೇಡ್ ಮಾಡಿ ಮಾರಿದರೆ ಅಲ್ಲಿ ಮಾರುವವನು ಒಬ್ಬನೇ. ಒಬ್ಬ ಮಾರಾಟಗಾರ ತನ್ನ ಮಾಲಿಗೆ ದರ ಹೇಳಿದರೆ ಅದು ಕೂಟ ಆಗುವುದಿಲ್ಲ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅದರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡು ಬೇಳೆ ಮಾಡಿಸಿ ಮಾರಿದರೆ ಗಂಜಿನ ದರಕ್ಕೆ ಕಾಯುವ ಅಗತ್ಯವೇ ಕಡಿಮೆ ಆಗುತ್ತದೆ.

ತೊಂದರೆ ಬರುವುದು ಬೇರೆ ಕಡೆ. ಆಳಂದ, ಅಫಜಲಪುರ, ಚಿತ್ತಾಪುರದ ಬೇರೆ ಬೇರೆ ಉತ್ಪಾದಕ ಕಂಪನಿಗಳು ಒಂದು ಕಡೆ ಸೇರಿ, ಇಷ್ಟಕ್ಕಿಂತ ಕಡಿಮೆಗೆ ನಾವ್ಯಾರೂ ಮಾರುವುದಿಲ್ಲ ಅಂತ ನಿರ್ಣಯ ಮಾಡಿದರೆ ಅದು ವ್ಯಾಖ್ಯೆಯ ಹತ್ತಿರ ಬರುತ್ತದೆ. ಸದಸ್ಯರಲ್ಲದವರು ಗಂಜಿಗೆ ತರುವ ಮಾಲನ್ನು ರಸ್ತೆಯಲ್ಲಿ ತಡೆದರೆ ಪೊಲೀಸ್ ಕೇಸು ಬೇರೆ ಆಗುತ್ತದೆ. ಹಾಗಾಗಿ ನಿಮ್ಮ ನಡಾವಳಿ ಪುಸ್ತಕದಲ್ಲಿ 'ಯಾರೂ ಮಾರಬಾರದು' ಅಂತ ಬರೆಯಬೇಡಿ. 'ಸದಸ್ಯರು ಕೊಟ್ಟ ತೊಗರಿಯನ್ನು ಕಂಪನಿ ಈ ದರಕ್ಕೆ ಕೊಳ್ಳುತ್ತದೆ, ಈ ದರಕ್ಕಿಂತ ಕಡಿಮೆಗೆ ಕಂಪನಿ ಮಾರುವುದಿಲ್ಲ' ಅಂತ ಬರೆಯಿರಿ. ನಿರ್ಣಯ ಮಾಡುವ ಮುಂಚೆ ಕರಡನ್ನು ನಿಮ್ಮ ಲೆಕ್ಕಪರಿಶೋಧಕರಿಗೂ ಒಬ್ಬ ವಕೀಲರಿಗೂ ತೋರಿಸಿ. ಮುಂದಿನ ರಾಶಿಗೆ ಇನ್ನೂ ಸಮಯವಿದೆ, ಸದಸ್ಯರ ಪಟ್ಟಿಗಳನ್ನು ಕೂಡಿಸುವ ಕೆಲಸ ಈಗಲೇ ಶುರು ಮಾಡಬಹುದು.